ಐದು ವರ್ಷದ ಅಕ್ಕ

ಆಸ್ಸೆನ್, ಅಕ್ಟೋಬರ್ ೧೯೯೮

ಪ್ರೀತಿಯ ಮಿನಾ ಅಕ್ಕ,

ಅಮ್ಮ ತೀರಿಕೊಂಡ ಸುದ್ದಿಯನ್ನು ನಿಮ್ಮೂರಿನ ಪಾದ್ರಿಯವರ ಮನೆಗೆ ಫೋನ್ ಮಾಡಿ ತಿಳಿಸಿದ್ದೆ. ಅವರು ನಿನ್ನ ಅಂಗಳಕ್ಕೆ ಬಂದಾಗ ನೀನು ಹೊಗೆಗಿಟ್ಟ ಮೀನು ತಿರುವಿಹಾಕುತ್ತಿದ್ದೆಯಂತೆ. ‘ಸರಿ’ ಎಂದೆಯಂತೆ. ಆಮೇಲೆ ಇನ್ನೊಂದು ಮೀನು ತಿರುವಿದೆಯಂತೆ. ಪಾದ್ರಿಯವರು ಇದನ್ನು ನಿನ್ನ ಮೇಲಿನ ದೂರಿನ ಹಾಗೆ ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಎಂದೋ ಮಣ್ಣು ಮಾಡಿ ಮುಗಿಸಿದವಳು ಇನ್ನೊಮ್ಮೆ ಸತ್ತಳೆಂದರೆ ಯಾರಿಗೆ ತಾನೇ ಅಳು ಬರುತ್ತದೆ?

ಹನ್ನೆರಡು ವರ್ಷಗಳ ಹಿಂದೆ ನಿನ್ನ ದ್ವೀಪ ಸಪರುವಾದಲ್ಲಿ ನನ್ನನ್ನು ಕಳಿಸಿಕೊಡಲು ದೋಣಿಕಟ್ಟೆಗೆ ಬಂದ ನೀನು ಒಂದೇ ಒಂದು ಮಾತು ಕೇಳಿದ್ದೆ. ‘ಅವಾಗಿನದು ಬಿಡು. ಅಪ್ಪ ಇದ್ದ, ಸರ್ಕಾರ ಇತ್ತು, ಏನೇನೋ ಇತ್ತು. ಈಗಲಾದ್ರೂ ಅಮ್ಮ ಯಾಕೆ ಬರಲಿಲ್ಲ?’ ನನಗೆ ಉತ್ತರ ಗೊತ್ತಿತ್ತು. ಅಮ್ಮ ಬದುಕಿರುವಷ್ಟು ದಿನ ಅದು ಅವಳು ಹೇಳಬೇಕಾದ ಮಾತು, ನನ್ನದಲ್ಲ ಎಂದುಕೊಂಡು ದೋಣಿ ಹತ್ತಿದೆ. ಈಗ ಹೇಳಲು ನಾನೊಬ್ಬಳೇ ಉಳಿದಿದ್ದೇನೆ.

ಜಾವಾದ ಸುರಬಾಯಾ ಬಂದರಿನದು ನಿನಗೆ ನೆನಪಿರುವುದು ಡಾಂಬರಿನ ವಾಸನೆ ಮಾತ್ರ ಎಂದಿದ್ದೆ. ನನಗೆ ಅಷ್ಟೂ ಇಲ್ಲ, ನನಗಾಗ ಮೂರು ವರ್ಷ, ನಿನಗೆ ಐದು. ನಿನ್ನ ಶಾಲೆಯಲ್ಲಿ ಆ ದಿನಗಳ ಕತೆಯನ್ನು ಬೇರೆ ಬಗೆಯಲ್ಲಿ ಕಲಿಸಿರುತ್ತಾರೆ. ನಮ್ಮ ಮನೆಯಲ್ಲಿ ಹೇಳುತ್ತಿದ್ದದ್ದು ಹೀಗೆ: ಅಪ್ಪ ಡಚ್ಚರ ವಸಾಹತು ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದ. ಡಚ್ಚರು ದೇಶವನ್ನು ಇಂಡೋನೇಷ್ಯಾದ ಹೊಸ ಸರ್ಕಾರಕ್ಕೆ ಒಪ್ಪಿಸಿ, ಆ ಸೈನ್ಯವನ್ನೇ ಮುಚ್ಚಿದರು. ಸಪರುವಾದ ಸುತ್ತಿನ ನಮ್ಮ ದ್ವೀಪಗಳವರು ನಮ್ಮದು ಬೇರೆಯೇ ಗಣರಾಜ್ಯ ಎಂದು ಸಾರಿದರು, ಹೊಸ ಸರ್ಕಾರ ಅದನ್ನು ತಿಂಗಳುಗಳಲ್ಲಿ ಅಡಗಿಸಿತು. ಜಾವಾದಲ್ಲಿ ಸಿಕ್ಕಿಕೊಂಡಿದ್ದ ಅಪ್ಪನಂಥ ಸಿಪಾಯಿಗಳನ್ನು ಊರಿಗೆ ಬಿಟ್ಟರೆ ಬಂದೂಕು ಹಿಡಿದಾರು, ಅಲ್ಲೇ ಇಟ್ಟರೆ ಅವರ ಜೀವಕ್ಕೇ ಅಪಾಯ. ಕೊನೆಗೆ ಹೆಂಡತಿ ಮಕ್ಕಳ ಸಮೇತ ಹಾಲೆಂಡಿಗೆ ಹೊರಡಿ ಎಂದು ಆಜ್ಞೆಯಾಯಿತು. ಆರು ತಿಂಗಳ ಮಟ್ಟಿಗೆ.

ಹಡಗು ಹತ್ತುವ ದಿನ ನಿನ್ನ ಮೈತುಂಬ ದಡಾರ. ನಿನ್ನನ್ನು ಹತ್ತಿಸಿದರೆ ಹಡಗಿನ ಮಕ್ಕಳಿಗೆಲ್ಲ ಹರಡುತ್ತದೆ ಎಂದು ಬಂದರಿನ ಡಾಕ್ಟರು ತಡೆದರು. ಅವರದೇನೂ ತಪ್ಪಲ್ಲ. ಅಮ್ಮ ತಾನೂ ಉಳಿಯುತ್ತೇನೆಂದಳು. ಅಪ್ಪ, ‘ಆರು ತಿಂಗಳಿಗೆ ಯಾಕೆ ಇಷ್ಟು ರಂಪ? ನಿನ್ನ ಅಕ್ಕನ ಹತ್ರ ಬಿಡು’ ಎಂದ. ಸಲೋಮಿನಾ ದೊಡ್ಡಮ್ಮ ನಿನ್ನನ್ನು ಸೀರೆಯಂಥದೊಂದು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ನೀನು ಅಳಲಿಲ್ಲವಂತೆ. ಅಮ್ಮ ಮುಂದಿನ ಆಯುಷ್ಯವನ್ನೆಲ್ಲ ಆ ಅಳದಿದ್ದದ್ದನ್ನೇ ನೆನೆಯುತ್ತ ಕಳೆದಳು. ‘ಅತ್ತಿದ್ರೆ ಅಲ್ಲೇ ಮುಗೀತಿತ್ತು. ಅಳಲಿಲ್ಲ ನೋಡು, ಅದಕ್ಕೇ ಉಳ್ಕೊಂಡಿದೆ ಅಳು’ ಎನ್ನುತ್ತಿದ್ದಳು.

ಹಾಲೆಂಡಿನ ನೆಲಕ್ಕೆ ಕಾಲಿಟ್ಟ ಮೇಲೆ ಎಲ್ಲರಿಗೂ ಬಿಸಿಬಿಸಿ ಬಟಾಣಿ ಸೂಪು ಕೊಟ್ಟರು, ಗಂಡಸರನ್ನು ಸೈನ್ಯದಿಂದ ತೆಗೆದುಹಾಕಿದರು. ಅಪ್ಪ ಆ ಸೂಪನ್ನು ಮುಟ್ಟಲಿಲ್ಲ. ಆಮೇಲೆ ಬಸ್ಸಿನಲ್ಲಿ ನಮ್ಮನ್ನು ಉತ್ತರದ ಕುರುಚಲು ಬಯಲಿನ ಒಂದು ಶಿಬಿರಕ್ಕೆ ತಂದು ಇಳಿಸಿದರು. ಉದ್ದುದ್ದ ಹಲಗೆಮನೆಗಳು, ಒಳಗೆ ತೆಳ್ಳಗಿನ ಗೋಡೆ ಎಬ್ಬಿಸಿ ಒಂದೊಂದು ಸಂಸಾರಕ್ಕೆ ಒಂದೊಂದು ಪಾಲು. ಯುದ್ಧದ ಕಾಲದಲ್ಲಿ ಅಲ್ಲಿ ಯಹೂದಿಗಳನ್ನು ಕೂಡಿಟ್ಟು, ರೈಲು ತುಂಬಿ ಪೂರ್ವಕ್ಕೆ ಸಾಯಲು ಕಳಿಸುತ್ತಿದ್ದರೆಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಒಲೆಗೆ ಸೌದೆ ತುರುಕುತ್ತಿದ್ದ ಹೆಂಗಸರು ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು, ಯಾರೋ ಹಾದುಹೋಗುವವರಿದ್ದಾರೆ ಎನ್ನುವ ಹಾಗೆ. ಪಕ್ಕದ ಪಾಲಿನ ಯಾಕೊಬಾ ಅತ್ತೆ ಮೊದಲ ಚಳಿಗಾಲದಲ್ಲೇ ಅಮ್ಮನಿಗೆ, ‘ಇಲ್ಲಿ ನಾವು ಮಾತ್ರ ಇಲ್ಲ ಕಣೇ ಬತ್ಸೇಬಾ. ಜಾಸ್ತಿ ಗಲಾಟೆ ಮಾಡಲ್ಲ ಪಾಪ, ಅವರಿಗೂ ಚಳಿ’ ಎಂದಿದ್ದಳು.

ಒಂದು ಮಧ್ಯಾಹ್ನ ಬಟ್ಟೆ ಹಿಂಡುತ್ತಿದ್ದ ಅಮ್ಮನಿಗೆ ಗೋಡೆಯ ಹಿಂದೆ ಮಗುವೊಂದು ಅಳುವುದು ಕೇಳಿಸಿತು. ಬೇರೆ ಹೆಂಗಸರೂ ಕೇಳಿದರು. ಅವರು, ಹಿಂದೆ ಇದ್ದವರ ಮಕ್ಕಳದು ಎಂದರು. ಅಮ್ಮ, ‘ಅಲ್ಲ, ನಮ್ಮ ಮಿನಾ’ ಎಂದಳು.

ಆರು ತಿಂಗಳು ಕಳೆದವು, ಆರು ತಿಂಗಳ ಮಾತು ಆಡುವವರೂ ಇಲ್ಲವಾದರು. ದೊಡ್ಡಮ್ಮ ಬರೆಯುತ್ತಿದ್ದ ಕಾಗದಗಳ ಮೇಲಿನ ಅಂಚೆಚೀಟಿ ಇಂಡೋನೇಷ್ಯಾದ್ದು. ಆ ಚೀಟಿ ನಮ್ಮ ಬಾಗಿಲು ದಾಟಬಾರದು ಎಂದು ಅಪ್ಪ ಹಟ ಹಿಡಿದ. ಹಾಗಾಗಿ ಅವು ಯಾಕೊಬಾ ಅತ್ತೆಯ ಹೆಸರಿಗೆ ಬರುತ್ತಿದ್ದವು. ಅತ್ತೆ ಕೆಟಲಿನ ಹಬೆಗೆ ಹಿಡಿದು ಚೀಟಿ ಕಿತ್ತು ಅಮ್ಮನಿಗೆ ಕೊಡುತ್ತಿದ್ದಳು. ನೀನು ಸಪರುವಾಕ್ಕೆ ಹೋದದ್ದು, ಶಾಲೆಗೆ ಸೇರಿದ್ದು, ಕಡಲಿಗೆ ಹೆದರುವುದಿಲ್ಲ ಎನ್ನುವುದು ನಮಗೆ ತಿಳಿದದ್ದು ಹಾಗೆ. ಅಮ್ಮನ ಉತ್ತರಗಳಲ್ಲಿ ಮೊದಲನೆಯದೊಂದೇ ನಿಮಗೆ ಮುಟ್ಟಿತ್ತಂತೆ. ಆಮೇಲೆ ಅಲ್ಲಿ ಏನಾಯಿತೋ ಆಗ ತಿಳಿಯಲಿಲ್ಲ, ಕಾಗದಗಳೇ ನಿಂತವು.

ಅವು ನಿಂತ ಮೇಲೆ ಅಮ್ಮ ಹೊರಟುನಿಂತಳು. ೧೯೫೬ನೇ ಇಸವಿ. ನನಗೆ ಎಂಟು, ಇಲ್ಲಿ ಹುಟ್ಟಿದ ತಮ್ಮ ಯೂಲಿಗೆ ನಾಲ್ಕು. ವಾಪಸು ಹೋಗುವ ಕೆಲವು ಸಂಸಾರಗಳು ಹಡಗು ಹತ್ತುವುದಿತ್ತು. ಊಟದ ಹೊತ್ತಿನಲ್ಲಿ ಅಮ್ಮ, ‘ನಾನೂ ಹೋಗ್ತೀನಿ ರೀ’ ಎಂದಳು.

‘ಹೋಗ್ಬೇಕಂದ್ರೆ ಅವರ ಪಾಸ್‌ಪೋರ್ಟ್ ತಗೋಬೇಕು. ತಗೊಂಡ್ರೆ ಆ ಸಹಿಗೆ ನಾವೂ ತಲೆ ಬಾಗಿಸಿದ ಹಾಗೆ’ ಎಂದ ಅಪ್ಪ.

‘ಯಾವ ಸಹಿ?’

‘ಆಮ್‌ಸ್ಟರ್‌ಡ್ಯಾಮ್ ಅರಮನೇಲಿ ಹಾಕಿದ್ರಲ್ಲ, ಸಾರ್ವಭೌಮತ್ವದ ಹಸ್ತಾಂತರ ಅಂತ.’

ಅಮ್ಮ ಸೌಟು ಕೆಳಗಿಟ್ಟಳು. ‘ಇವರ ಕೈಯಿಂದ ಅವರ ಕೈಗೆ ಹೋಯ್ತು ಅಂತೀರಿ. ನನ್ನ ಕೂಸು ಅವಾಗ ಯಾರ ಕೈಲಿತ್ತು? ಬೆಟ್ಟ ಕೊಟ್ರೋ ಸಮುದ್ರ ಕೊಟ್ರೋ, ಅದು ಅವರವರಿಗೇ ಇರಲಿ. ನನ್ನ ಮಗೂನ ನಾನು ಯಾರಿಗೂ ಬರೆದುಕೊಟ್ಟಿಲ್ಲ.’

ಅಪ್ಪ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ‘ಒಕ್ಟಾನ ಕರ್ಕೊಂಡು ಹೋಗು. ಹುಡುಗ ಇಲ್ಲೇ ಇರ್ಲಿ. ಅವನು ಗಣರಾಜ್ಯದ ಸಿಪಾಯಿ ಆಗೋನು’ ಎಂದ. ಆ ಸಿಪಾಯಿ ಮೇಜಿನ ಕೆಳಗೆ ಕೂತು ತನ್ನ ಕಾಲ್ಚೀಲ ಕಚ್ಚುತ್ತಿದ್ದ.

ಅಮ್ಮ ಒಪ್ಪಿದಳು, ಅಕ್ಕ. ಇದನ್ನು ನೀನು ತಿಳಿಯಬೇಕು. ಮಗನನ್ನು ಬಿಟ್ಟು ಬರಲು ಅವಳು ಒಪ್ಪಿದ್ದಳು. ಹಳೆಯ ಪರದೆ ಬಟ್ಟೆಯಲ್ಲಿ ನಿನಗೆ ನಾಲ್ಕು ಫ್ರಾಕು ಹೊಲಿದು ಪೆಟ್ಟಿಗೆಯಲ್ಲಿಟ್ಟಳು. ಬಂದರಿಗೆ ಹೋದೆವು, ಏಣಿ ಹತ್ತಿದೆವು, ಕೆಳಗಿನ ಅಂತಸ್ತಿನಲ್ಲಿ ನಮ್ಮ ಮಂಚವನ್ನೂ ತೋರಿಸಿದರು. ಸುತ್ತ ಹೆಂಗಸರು ಊರಿನ ಮೀನಿನ ಹೆಸರು ಹೇಳಿಕೊಂಡು ನಗುತ್ತಿದ್ದರು. ಅಮ್ಮ ಮಂಚದ ಅಂಚಿನಲ್ಲಿ ಕೂತು ತಲೆ ಒಂದು ಬದಿಗೆ ವಾಲಿಸಿದಳು.

‘ಕೇಳಿಸ್ತಾ?’ ಎಂದಳು.

‘ಏನಮ್ಮ?’

‘ಯೂಲಿ ಅಳ್ತಿದಾನೆ.’

‘ಯೂಲಿ ಕ್ಯಾಂಪಲ್ಲಿದಾನಲ್ಲ.’

‘ಅದಕ್ಕೇ ಕೇಳಿಸ್ತಿದೆ’ ಎಂದಳು ಅಮ್ಮ.

ಎದ್ದು ನನ್ನ ಕೈ ಹಿಡಿದು ಮೇಲೆ ನಡೆದಳು. ಏಣಿಯ ಹತ್ತಿರ ನಮ್ಮ ಶಿಬಿರದ ಮುದುಕಿಯೊಬ್ಬಳು ಅಡ್ಡ ಬಂದು, ‘ಎಲ್ಲಿಗೆ ಹೊರಟೆ? ಹುಚ್ಚು ಹಿಡೀತಾ? ಈಗ ಬಿಡುತ್ತೆ ಹಡಗು. ಅಲ್ಲಿ ಒಂದು ಹೆಣ್ಣುಮಗು ಕಾಯ್ತಿದೆ’ ಎಂದು ಗದರಿದಳು. ಅಮ್ಮ ಅವಳಿಗೆ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. ‘ಒಂದು ಅಳು ಕೇಳಿಸ್ಕೊಂಡು ಬದುಕೋದು ಕಲ್ತಿದೀನಿ ಅಜ್ಜಿ. ಇನ್ನೊಂದನ್ನ ಹೊಸದಾಗಿ ಕಲಿಯೋ ಶಕ್ತಿ ಇಲ್ಲ.’

ಪೆಟ್ಟಿಗೆ ಹಡಗಿನಲ್ಲೇ ಹೋಯಿತು. ಆ ಫ್ರಾಕುಗಳು ಐದು ವರ್ಷದ ಹುಡುಗಿಯ ಅಳತೆಯವಾಗಿದ್ದವು. ನಿನಗಾಗ ಹತ್ತು. ಹೊಲಿಯುವಾಗ ನನಗೂ ಅದು ಹೊಳೆದಿರಲಿಲ್ಲ.

ನಾವು ವಾಪಸು ಬಂದಾಗ ಅಪ್ಪ ಯೂಲಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಶಿಬಿರದ ರಸ್ತೆಯಲ್ಲಿ ನಿಂತಿದ್ದ. ನಾವು ಬರುತ್ತೇವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸುಮ್ಮನೆ ನಿಂತಿದ್ದ. ‘ಊಟ ಆಯ್ತಾ?’ ಎಂದಷ್ಟೇ ಕೇಳಿದ. ಆ ವರ್ಷದ ಸಿಂಟರ್‌ಕ್ಲಾಸ್ ಹಬ್ಬಕ್ಕೆ ಒಲೆಯ ಮುಂದೆ ಸಿಹಿ ತುಂಬಲು ಮಕ್ಕಳ ಬೂಟು ಇಡುವಾಗ ಅಪ್ಪ ನನ್ನ ಮತ್ತು ಯೂಲಿಯ ಬೂಟಿನ ಪಕ್ಕದಲ್ಲಿ ಮೂರನೆಯದೊಂದು ಜೊತೆ ಇಟ್ಟ. ತಾನೇ ಮರದಲ್ಲಿ ಕೆತ್ತಿದ ಪುಟ್ಟ ಬೂಟು. ಸೈನ್ಯ ಹೋದರೂ ದಿನವೂ ಸಮವಸ್ತ್ರದ ಗುಂಡಿ ಉಜ್ಜುತ್ತಿದ್ದ ಸಾರ್ಜೆಂಟ್ ದೊಮಿಂಗುಸ್ ಲಾತುಹೇರು ನಿನ್ನ ವಿಷಯದಲ್ಲಿ ಎಂದೂ ಬಾಯಿ ಬಿಟ್ಟು ತಪ್ಪಾಯಿತು ಎನ್ನಲಿಲ್ಲ. ಅವನಿಂದಾದದ್ದು ಆ ಬೂಟು.

ಹಾಗೆ ನೀನು ನಮ್ಮ ಮನೆಗೆ ಬಂದೆ. ಅಮ್ಮ ನಿನಗೆ ತಟ್ಟೆ ಇಟ್ಟಳು, ನನ್ನ ಮಂಚದಲ್ಲಿ ಗೋಡೆಯ ಕಡೆಗೆ ಜಾಗ ಬಿಡಿಸಿದಳು. ನಾನು ಮಗ್ಗುಲು ಬದಲಿಸಿದರೆ, ‘ಮೆತ್ತಗೆ, ಅವಳ ಕೈ ಇದೆ ಅಲ್ಲಿ’ ಎನ್ನುತ್ತಿದ್ದಳು. ನಾನು ಒಂಬತ್ತಾದೆ, ಹತ್ತಾದೆ, ಹನ್ನೊಂದಾದೆ. ನೀನು ಐದರಲ್ಲೇ ಇದ್ದೆ. ನನಗಿಂತ ಚಿಕ್ಕವಳನ್ನು ಅಕ್ಕ ಎಂದು ಕರೆಯುತ್ತ ಬೆಳೆದೆ. ನನಗೆ ನಿನ್ನ ಭಯವಿತ್ತು. ಇಲ್ಲಿ ಗೋಡೆಯ ಕಡೆಗೆ ಬೆನ್ನು ಹಾಕಿ ಮಲಗಲು ಇವತ್ತಿಗೂ ಆಗುವುದಿಲ್ಲ.

ನನಗೆ ಹನ್ನೆರಡಾಗಿದ್ದಾಗ ಆಮ್‌ಸ್ಟರ್‌ಡ್ಯಾಮಿನಿಂದ ಒಬ್ಬ ಮನುಷ್ಯ ಬಂದ. ಒಳ್ಳೆಯ ಕೋಟು ಹಾಕಿದ್ದ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಮ್ಮ ಹೊಸ್ತಿಲಾಚೆ ನಿಂತು, ಒಳಗೆ ಬರಬಹುದೇ ಎಂದು ಕೇಳಿದ. ಅಮ್ಮನಿಗೆ ಡಚ್ ಬರುತ್ತಿರಲಿಲ್ಲ, ನಾನೇ ನಡುವೆ ನಿಂತು ಹೇಳುತ್ತಿದ್ದೆ. ಅಮ್ಮ ಕೂರಿಸಿ ಕಾಫಿ ಕೊಟ್ಟಳು. ಅವನು ಕೋಣೆಯನ್ನೆಲ್ಲ ನೋಡಿ, ನನ್ನ ಮಂಚದ ಕಡೆ ಕೈ ಮಾಡಿ, ‘ಅಲ್ಲಿ ನಮ್ಮದೂ ಮಂಚ ಇತ್ತು. ನನ್ನ ತಂಗಿ ಸೆಲ್ಮಾ ಅಲ್ಲೇ ಮಲಗ್ತಿದ್ದಳು. ನಾನೊಬ್ಬ ತಪ್ಪಿಸಿಕೊಂಡೆ, ಅವಳನ್ನ ಕರ್ಕೊಂಡು ಹೋದರು’ ಎಂದ. ಎಷ್ಟು ವರ್ಷದವಳು ಎಂದು ಕೇಳಲು ಅಮ್ಮ ಹೇಳಿದಳು. ಆರು ಎಂದ.

ಅಮ್ಮ ಅವನ ಕಪ್ಪಿಗೆ ಮತ್ತೆ ಕಾಫಿ ಬಗ್ಗಿಸಿ ಹೇಳಿದಳು: ‘ಅವನಿಗೆ ಹೇಳು ಒಕ್ಟಾ, ಯೋಚನೆ ಮಾಡ್ಬೇಡಿ ಅಂತ. ಆ ಮಗು ಒಂದೇ ಇಲ್ಲ. ನಮ್ಮ ದೊಡ್ಡವಳು ಜೊತೆಗಿರ್ತಾಳೆ. ಇಬ್ರೂ ಆಡ್ಕೋತಾರೆ.’

ನಾನು ತಡವರಿಸಿದೆ. ಅಮ್ಮ ಕಣ್ಣಲ್ಲೇ ಗದರಿದಳು. ಹೇಳಿದೆ. ಆ ಮನುಷ್ಯ ಟೋಪಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ತೀರ ಮೆತ್ತಗೆ, ‘ನಿಮ್ಮ ಅಮ್ಮನಿಗೆ ಹೇಳು, ಸೆಲ್ಮಾ ಸ್ವಲ್ಪ ಹಟಮಾರಿ. ಬೊಂಬೆ ಕಿತ್ಕೊಂಡರೆ ಬೇಜಾರು ಮಾಡ್ಕೋಬೇಡಿ’ ಎಂದ. ಅಮ್ಮ ನಕ್ಕಳು. ಇಬ್ಬರೂ ನೆರೆಮನೆಯವರ ಹಾಗೆ ಮಕ್ಕಳ ವಿಷಯ ಮಾತಾಡಿದರು, ನನ್ನ ಬಾಯಲ್ಲಿ, ಕಾಫಿ ಮುಗಿಯುವವರೆಗೆ. ಅವನು ಹೋದ ಮೇಲೆ ನಾನು ಕುರುಚಲು ಬಯಲಿಗೆ ಓಡಿಹೋಗಿ ಕತ್ತಲಾಗುವವರೆಗೆ ಒಳಗೆ ಬರಲಿಲ್ಲ.

ಎಪ್ಪತ್ತರ ಹೊತ್ತಿಗೆ ಶಿಬಿರವನ್ನು ಖಾಲಿ ಮಾಡಿಸಿ ಹಲಗೆಮನೆಗಳನ್ನು ಕೆಡವಿದರು, ನಮಗೆ ಆಸ್ಸೆನ್ನಿನಲ್ಲಿ ಇಟ್ಟಿಗೆಯ ಮನೆ ಕೊಟ್ಟರು. ಗೋಡೆ ಹೋದ ಮೇಲಾದರೂ ನೀನು ಹೋಗುತ್ತೀಯ ಎಂದುಕೊಂಡಿದ್ದೆ. ಸಾಮಾನು ಸಾಗಿಸುವ ದಿನ ಅಮ್ಮ ಬಸ್ಸಿನಲ್ಲಿ ತನ್ನ ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ. ಅಪ್ಪ ಎಂಬತ್ತೊಂದರಲ್ಲಿ ತೀರಿಕೊಂಡ, ಡಚ್ ಪೌರತ್ವವನ್ನೂ ಪಡೆಯದೆ, ಯಾವ ದೇಶದವನೂ ಅಲ್ಲದೆ. ಗಣರಾಜ್ಯಕ್ಕೆಂದು ಉಳಿಸಿಕೊಂಡ ಯೂಲಿ ಸಿಟಿ ಬಸ್ ಓಡಿಸುತ್ತಾನೆ.

ಎಂಬತ್ತಾರರಲ್ಲಿ ನಿನ್ನ ವಿಳಾಸ ಸಿಕ್ಕಿದಾಗ ಎರಡು ಟಿಕೆಟ್ ತೆಗೆಸಿದ್ದೆ. ಒಂದು ಅಮ್ಮನದು. ಅವಳು ಹೊಸ ಚಪ್ಪಲಿ ಕೊಂಡಿದ್ದಳು, ಜಾಯಿಕಾಯಿ ಇನ್ನೂ ಹಾಗೇ ಘಮಘಮ ಅನ್ನುತ್ತಾ ಎಂದು ಕೇಳುತ್ತಿದ್ದಳು. ಹೊರಡುವ ಬೆಳಿಗ್ಗೆ ಯೂಲಿ ಕಾರು ತಂದು ನಿಲ್ಲಿಸಿದ ಮೇಲೆ ಬಾಗಿಲಲ್ಲೇ ನಿಂತುಬಿಟ್ಟಳು.

‘ನೀನು ಹೋಗಿ ಬಾ’ ಎಂದಳು.

‘ಯಾಕಮ್ಮ? ಮಿನಾನ ನೋಡೋದು ಬೇಡ್ವಾ?’

ಅವಳು ಒಳಗೊಮ್ಮೆ ತಿರುಗಿ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. ‘ಅಲ್ಲಿರೋಳಿಗೆ ನಲವತ್ತು ವರ್ಷ. ಅವಳನ್ನ ನೋಡಿದ್ರೆ ಇವಳು ಹೋಗ್ಬಿಡ್ತಾಳೆ. ಒಂದ್ಸಲ ಬಿಟ್ಟು ಬಂದಿದೀನಿ ಇವಳನ್ನ. ಮತ್ತೆ ಬಿಡು ಅಂತೀಯಾ?’

ಅಕ್ಕ, ಇದು ನೀನು ಕೇಳಿದ ಪ್ರಶ್ನೆಗೆ ಉತ್ತರ. ನಿನ್ನ ಮೇಲೆ ಪ್ರೀತಿಯಿಲ್ಲದೆ ಅವಳು ಬಾರದೇ ಇದ್ದದ್ದಲ್ಲ. ನಿನ್ನ ಪಾಲಿನ ಪ್ರೀತಿಯನ್ನೆಲ್ಲ ಇನ್ನೊಬ್ಬಳು ಮಿನಾ ತಿಂದುಬಿಟ್ಟಳು. ಇಂಥ ಮಾತನ್ನು ದೋಣಿಕಟ್ಟೆಯ ಮೇಲೆ ಹೇಗೆ ಹೇಳಲಿ? ಅದೂ ನೀನು ಮುಂಚಿನ ದಿನವಷ್ಟೇ ನನ್ನನ್ನು ಚರ್ಚಿನ ಹಿಂದಿನ ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದೆ. ನಾವು ಊರಿಗೆ ವಾಪಸು ಹೊರಟಿದ್ದೆವೆಂದೂ ಹಡಗು ಮುಳುಗಿತೆಂದೂ ಯಾರೋ ಹೇಳಿದ್ದನ್ನು ನಂಬಿ, ಕಾಗದ ನಿಲ್ಲಿಸಿ, ದೊಡ್ಡಮ್ಮ ನೆಡಿಸಿದ್ದ ಶಿಲುಬೆ. ಅದರ ಮೇಲೆ ಅಪ್ಪ, ಅಮ್ಮ, ನಾನು. ‘ಕ್ರಿಸ್‌ಮಸ್ ಬಂದಾಗೆಲ್ಲ ನಿನ್ನ ಹೆಸರಿಗೆ ಬಣ್ಣ ಹೊಡೆದು ಹೊಡೆದು ಸಾಕಾಗಿತ್ತು ಕಣೇ. ಈಗ ಬಂದು ಮುಂದೆ ನಿಂತಿದೀಯ’ ಎಂದೆ. ಆಮೇಲೆ ನೀನೇ, ‘ತಮ್ಮ ಒಬ್ಬ ಇದಾನೆ ಅಂದ್ಯಲ್ಲ, ಅವನಿಗೆ ಜಾಗಾನೇ ಬಿಟ್ಟಿಲ್ಲ ನೋಡು’ ಎಂದು ಶಿಲುಬೆಯ ಮೇಲೆ ಬೆರಳಾಡಿಸಿದೆ. ಮನೆಯಲ್ಲಿ ನಿನ್ನ ಗಂಡ, ಇಂಡೋನೇಷ್ಯಾ ಸೈನ್ಯದಲ್ಲಿದ್ದು ನಿವೃತ್ತನಾದವನು, ‘ಸಾರ್ಜೆಂಟ್ ಮಗಳಾ? ನಾನು ಬರೀ ಕಾರ್ಪೊರಲ್. ಎದ್ದು ನಿಲ್ಲಬೇಕಾಗುತ್ತೆ ಹಾಗಾದ್ರೆ’ ಎಂದು ಸಾಗು ಮರದ ಹಿಟ್ಟಿನ ಗಂಜಿ ಬಡಿಸಿದ. ಅಪ್ಪ ಮೂವತ್ತು ವರ್ಷ ಶತ್ರು ಎಂದು ಕರೆದದ್ದು ಅವನನ್ನು. ನನಗೆ ನೀವಿಬ್ಬರೂ ಇಷ್ಟವಾದಿರಿ. ನಿನ್ನ ಕೈಗಳ ಒರಟು, ಅಷ್ಟು ಬೇಗ ಬಂದ ನಿನ್ನ ಬಿಳಿಕೂದಲು, ನೀನು ಬೈಯುವ ರೀತಿ, ಎಲ್ಲವೂ. ಹದಿನೈದು ದಿನ ನಾನು ಗೋಡೆಗೆ ಬೆನ್ನು ಹಾಕಿ ನಿದ್ದೆ ಮಾಡಿದೆ. ಆಸ್ಸೆನ್ನಿಗೆ ವಾಪಸು ಬಂದಾಗ ಅಮ್ಮ ನಿನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾನು ತಂದ ಫೋಟೋಗಳನ್ನು ಮೇಜಿನ ಮೇಲೆ ಬೋರಲು ಹಾಕಿಟ್ಟಳು.

ಕಳೆದ ತಿಂಗಳು, ಒಂದು ಮಧ್ಯಾಹ್ನ, ಆಸ್ಪತ್ರೆಯ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಎರಡು ದಿನದಿಂದ ಮಾತಾಡದಿದ್ದ ಅಮ್ಮ ಕಣ್ಣು ಬಿಟ್ಟು, ‘ಮಿನಾ, ನನ್ನ ಮೇಲೆ ಇನ್ನೂ ಕೋಪ ಇದೆಯಾ?’ ಎಂದಳು.

ನಾನು, ‘ಅಮ್ಮ, ನಾನು ಒಕ್ಟಾ’ ಎಂದೆ.

‘ಗೊತ್ತು. ನಿನ್ನನ್ನಲ್ಲ ಕೇಳಿದ್ದು. ನಿನ್ನ ಹಿಂದೆ ನಿಂತಿದ್ದಾಳಲ್ಲ, ಅವಳನ್ನ.’

ನಾನು ತಿರುಗಿ ನೋಡಲಿಲ್ಲ. ಅಮ್ಮ ನನ್ನ ಹೆಗಲಾಚೆ ನೋಡುತ್ತ ಕಿವಿಗೊಟ್ಟು ಕೇಳಿದಳು, ದೂರದ ಮಾತು ಕೇಳುವವರ ಹಾಗೆ. ಆಮೇಲೆ ನಿಧಾನವಾಗಿ ತಲೆಯಾಡಿಸಿದಳು. ಮುಖ ಸಡಿಲವಾಯಿತು. ಸಂಜೆಯೊಳಗೆ ಹೋಗಿಬಿಟ್ಟಳು.

ಅವಳಿಗೆ ಉತ್ತರ ಸಿಕ್ಕಿತು, ಅಕ್ಕ. ಕೊಟ್ಟವಳು ನೀನಲ್ಲ. ಸುರಬಾಯಾದಲ್ಲಿ ದಡಾರ ಬಂದು ಉಳಿದವಳು, ದೊಡ್ಡಮ್ಮನ ಮಡಿಲಲ್ಲಿ ಬೆಳೆದವಳು, ಸತ್ತಿರದವರ ಹೆಸರಿಗೆ ಬಣ್ಣ ಹೊಡೆದವಳು ನೀನು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ನೀನಾಗಿದ್ದೆ. ಎಂದೂ ಎಲ್ಲೂ ಬಿಟ್ಟುಹೋಗದ ಒಂದು ಮಗು ನಿನ್ನ ಹೆಸರಿನಲ್ಲಿ ಮಾತಾಡಿ ಮುಗಿಸಿತು. ನಿನ್ನನ್ನು ಕೇಳದೆ.

ಅದಕ್ಕೇ ಈ ಪತ್ರ. ಯೂಲಿ ಮತ್ತು ನಾನು ನಿನ್ನನ್ನು ಕರೆಸಿಕೊಳ್ಳಬೇಕೆಂದಿದ್ದೇವೆ. ಚಳಿ ಕಳೆದ ಮೇಲೆ ಬಾ, ಕಾರ್ಪೊರಲ್ ಭಾವನನ್ನೂ ಕರೆದುಕೊಂಡು ಬಾ. ಅಮ್ಮನ ಸಮಾಧಿಗೆ ನಿನ್ನನ್ನು ಒಬ್ಬಳನ್ನೇ ಕಳಿಸಿ ನಾವು ಗೇಟಿನ ಹತ್ತಿರ ನಿಲ್ಲುತ್ತೇವೆ. ಅವಳು ಕೇಳಿದ್ದಕ್ಕೆ ನಿನಗೆ ತೋಚಿದ್ದನ್ನು ಹೇಳು. ಕೋಪ ಇದ್ದರೆ ಇದೆ ಎಂದೇ ಹೇಳು. ಗಟ್ಟಿಯಾಗಿ ಹೇಳು. ಈ ಸಲ ಅವಳು ಕೇಳಿಸಿಕೊಳ್ಳಲಿ.

ದೇವರು ನಿನ್ನ ದೋಣಿಗಳನ್ನೂ ನಿನ್ನ ಮಕ್ಕಳನ್ನೂ ಕಾಯಲಿ. ನಿನಗೆ ನಿನ್ನ ವಯಸ್ಸಿನಷ್ಟೂ ಪ್ರೀತಿ ಸಿಗಲಿ.

ನಿನ್ನ ತಂಗಿ,
ಒಕ್ಟೋವಿನಾ